ಪರೇಲಿನ ಪ್ರಯೋಗಶಾಲೆ ಮತ್ತು ಬಡವರ ತಟ್ಟೆ

ಸಸ್ಯಾಹಾರ ಮೇಲೋ ಮಾಂಸಾಹಾರ ಮೇಲೋ ಎಂಬ ವಾದ ಮುಂಬೈ ಕನ್ನಡಿಗರಿಗೆ ಹೊಸತಲ್ಲ. ಬಂಗುಡೆಯಿಲ್ಲದೆ ಊಟ ಸೇರದವರೂ ನಮ್ಮಲ್ಲಿದ್ದಾರೆ, ಈರುಳ್ಳಿ ಬೆಳ್ಳುಳ್ಳಿಯನ್ನೂ ಮುಟ್ಟದವರೂ ಇದ್ದಾರೆ. ದೇಹಕ್ಕೆ ಬೇಕಾದ ಪ್ರೋಟೀನು ಯಾವ ತಟ್ಟೆಯಲ್ಲಿದೆ ಎಂದು ಕೇಳಿದರೆ ನಾವು ಜಾತಿ, ಮತ, ರೂಢಿಗಳ ಕಡೆ ನೋಡುತ್ತೇವೆ. ಸುಮಾರು ತೊಂಬತ್ತು ವರ್ಷಗಳ ಹಿಂದೆ ಪರೇಲಿನಲ್ಲಿ ನಡೆದ ಸಂಶೋಧನೆಯೊಂದು ಮನೆಯ ವರಮಾನದ ಕಡೆಗೂ ನೋಡಬೇಕೆಂದು ತಿಳಿಸುತ್ತದೆ.

ಪರೇಲಿನಲ್ಲಿದ್ದ ಗವರ್ನರರ ಹಳೆಯ ನಿವಾಸದಲ್ಲಿ 1899ರಿಂದ ವಾಲ್ಡೆಮರ್ ಹಾಫ್‌ಕಿನ್ನರ ಪ್ಲೇಗ್ ಪ್ರಯೋಗಶಾಲೆ ನೆಲೆಸಿತು. 1925ರಲ್ಲಿ ಅದಕ್ಕೆ ಅವರದೇ ಹೆಸರಾಯಿತು. ಸುತ್ತಲೂ ಜವಳಿ ಗಿರಣಿಗಳು, ಚಾಳುಗಳು. ಅಲ್ಲಿನ ಬಸುರಿಯರನ್ನು ತೀವ್ರ ರಕ್ತಹೀನತೆ ಕಾಡುತ್ತಿತ್ತು. ಅನೇಕರು ಅದರಿಂದ ಸಾಯುತ್ತಿದ್ದರು. ಅದರ ಕಾರಣ ಹುಡುಕಲು 1928ರಲ್ಲಿ ಲೂಸಿ ವಿಲ್ಸ್ ಎಂಬ ಆಂಗ್ಲ ವೈದ್ಯೆ ಬಂದರು.

ಸೋಂಕು ಕಾರಣವೇ ಎಂದು ಪರೀಕ್ಷಿಸಿದ ವಿಲ್ಸ್, ನಗರದ ಬೇರೆ ಬೇರೆ ವರ್ಗಗಳ ಹೆಂಗಸರು ಏನು ಉಣ್ಣುತ್ತಾರೆಂಬುದನ್ನೂ ವಿಚಾರಿಸಿದರು. ಅತ್ಯಂತ ಕೊರತೆಯ ಊಟವೂ ಹೆಚ್ಚಿನ ರೋಗವೂ ಬಡ ಮುಸ್ಲಿಂ ಹೆಂಗಸರಲ್ಲಿ ಕಂಡುಬಂದವು. ಮಾಂಸಕ್ಕೆ ಮತದ ಅಡ್ಡಿಯಿಲ್ಲದ ಮನೆಗಳವು. ತಿನ್ನಲು ಅನುಮತಿಯಿರುವುದು ಬೇರೆ, ತಟ್ಟೆಗೆ ಬರುವುದು ಬೇರೆ.

ರಕ್ತಹೀನತೆಗೆ ಯಕೃತ್ತನ್ನು ಉಣಿಸುವ ಚಿಕಿತ್ಸೆ 1926ರಿಂದ ಪ್ರಸಿದ್ಧವಾಗಿತ್ತು. ಅದು ದುಬಾರಿ. ಬಿಯರ್ ತಯಾರಿಕೆಯಲ್ಲಿ ಉಳಿಯುವ ಯೀಸ್ಟಿನಿಂದ ಮಾಡಿದ ಅಗ್ಗದ ಮಾರ್ಮೈಟನ್ನು ವಿಲ್ಸ್ ಕೋತಿಗಳಿಗೂ ರೋಗಿಗಳಿಗೂ ಕೊಟ್ಟು ನೋಡಿದರು. ರಕ್ತ ಚೇತರಿಸಿಕೊಂಡಿತು. 1931ರಲ್ಲಿ ಪ್ರಕಟವಾದ ಈ ಫಲಿತಾಂಶದ ಹಿಂದಿನ ಅಜ್ಞಾತ ವಸ್ತುವನ್ನು ‘ವಿಲ್ಸ್ ಅಂಶ’ ಎಂದರು. 1941ರಲ್ಲಿ ಪಾಲಕ್ ಸೊಪ್ಪಿನಿಂದ ಬೇರ್ಪಡಿಸಿದ ಫೋಲಿಕ್ ಆಮ್ಲವೇ ಅದು. ‘ಫೋಲಿಯಂ’ ಎಂದರೆ ಲ್ಯಾಟಿನ್ನಿನಲ್ಲಿ ಎಲೆ. ಇಂದು ಬಸುರಿಯರಿಗೆ ಕೊಡುವ ಮಾತ್ರೆಯ ಮೂಲ ಪರೇಲಿನಲ್ಲಿದೆ.

ಇದು ಸಸ್ಯಾಹಾರದ ಗೆಲುವೆಂದು ಬೀಗುವಂತಿಲ್ಲ. ಯಕೃತ್ತಿನಲ್ಲಿದ್ದ ಇನ್ನೊಂದು ಅಂಶವಾದ ಬಿ12 ಜೀವಸತ್ವ ಸೊಪ್ಪು ಬೇಳೆಗಳಲ್ಲಿ ಸಿಗದು. ಹಾಲು ಮೊಸರನ್ನೂ ಬಿಟ್ಟವರು ಅದನ್ನು ಬೇರೆಡೆಯಿಂದ ಪಡೆಯಲೇಬೇಕು. ಪ್ರೋಟೀನಿನ ಲೆಕ್ಕ ಅಷ್ಟು ಕಠಿಣವಲ್ಲ. ಆರೋಗ್ಯವಂತ ವಯಸ್ಕರಿಗೆ ದಿನಕ್ಕೆ ದೇಹತೂಕದ ಪ್ರತಿ ಕಿಲೋಗೆ 0.83 ಗ್ರಾಂ ಎಂಬುದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2020ರ ಶಿಫಾರಸು; 60 ಕಿಲೋ ತೂಕದವರಿಗೆ ಸುಮಾರು 50 ಗ್ರಾಂ. ನೂರು ಗ್ರಾಂ ತೊಗರಿಬೇಳೆಯಲ್ಲಿ ಸುಮಾರು 22 ಗ್ರಾಂ ಇದೆ. ಅಕ್ಕಿಯಲ್ಲಿ ಕಡಿಮೆಯಿರುವ ಲೈಸಿನ್ನನ್ನು ಉದ್ದು ತುಂಬುತ್ತದೆ, ಉದ್ದಿನಲ್ಲಿ ಕಡಿಮೆಯಿರುವ ಮೆಥಿಯೊನೀನನ್ನು ಅಕ್ಕಿ ತುಂಬುತ್ತದೆ. ನಮ್ಮ ಉಡುಪಿ ಹೋಟೆಲುಗಳು ಈ ನಗರಕ್ಕೆ ಉಣಬಡಿಸಿದ ಇಡ್ಲಿ ದೋಸೆಗಳಲ್ಲಿ ಆ ಜೋಡಿ ಮೊದಲಿನಿಂದಲೂ ಇದೆ.

ಆದರೆ ಹಿಟ್ಟಿಗೆ ಉದ್ದು ಎಷ್ಟು ಬೀಳುತ್ತದೆ, ಸಾರಿನಲ್ಲಿ ಬೇಳೆ ಎಷ್ಟು ಉಳಿಯುತ್ತದೆ ಎಂಬುದನ್ನು ನಿರ್ಧರಿಸುವುದು ಅದರ ಬೆಲೆ. ಮೀನಿನ ಮಾತೂ ಅಷ್ಟೇ. ಮನೆಯಲ್ಲಿ ಎಲ್ಲರಿಗೂ ಬಡಿಸಿ ಕೊನೆಗೆ ಉಣ್ಣುವವಳ ಪಾಲಿಗೆ ಬರಿಯ ಅನ್ನ ತಿಳಿಸಾರು ಉಳಿದರೆ ಆ ಮನೆ ಸಸ್ಯಾಹಾರಿಯೋ ಮಾಂಸಾಹಾರಿಯೋ ಎಂಬ ಪ್ರಶ್ನೆಗೆ ಅರ್ಥವಿಲ್ಲ. ಪರೇಲಿನ ಗಿರಣಿಗಳ ಜಾಗದಲ್ಲಿ ಈಗ ಗಗನಚುಂಬಿ ಕಟ್ಟಡಗಳಿವೆ. ಅಲ್ಲಿ ಕಸ ಗುಡಿಸುವ, ಪಾತ್ರೆ ತೊಳೆಯುವ ಹೆಂಗಸರ ಊಟವನ್ನು ವಿಲ್ಸ್ ಅವರಂತೆ ಕೂತು ವಿಚಾರಿಸುವ ಕೆಲಸ ಇನ್ನೂ ಬಾಕಿಯಿದೆ.