ಕೋಡುಳ್ಳ ಜಿಗಿಹುಳು ಮತ್ತು ಅದರ ಗಿಡ

ಮರದ ಜಿಗಿಹುಳು ಅರ್ಧ ಅಂಗುಲಕ್ಕೂ ಚಿಕ್ಕದು. ಎಳೆಕೊಂಬೆಗೆ ಒತ್ತಿ ಕೂತು ರಸ ಹೀರುತ್ತದೆ. ಎದೆಯ ಮೇಲಿನ ಕವಚ ಅಕ್ಕಪಕ್ಕಕ್ಕೆ ಕೋಡಾಗಿ, ಹಿಂದಕ್ಕೆ ಮುಳ್ಳಾಗಿ ಚಾಚಿರುವುದರಿಂದ ಜಾಲಿಮುಳ್ಳಿನ ನಡುವೆ ಕಣ್ಣಿಗೆ ಬೀಳುವುದೇ ಕಷ್ಟ. ಅದರ ಮರಿಗಳು ಸೂಸುವ ಸಿಹಿಯಂಟಿಗೆ ಗೊದ್ದಗಳು ಮುತ್ತುತ್ತವೆ. ಹುಡುಕುವವರು ಮೊದಲು ನೋಡುವುದು ಈ ಗೊದ್ದಗಳ ಸಾಲನ್ನೇ. ಕರಿಜಾಲಿ, ಬಳ್ಳಾರಿ ಜಾಲಿ, ತೊಗರಿ ತುಂಬಿರುವ ಹಿರೇಹಡಗಲಿ, ಕೂಡ್ಲಿಗಿ, ಹರಪನಹಳ್ಳಿಯಂಥ ಬಯಲುಸೀಮೆ ಇದಕ್ಕೆ ಒಪ್ಪುವ ನೆಲ.

ಹೆಸರಿಡುವ ಕೆಲಸ ದೂರದಲ್ಲಿ ನಡೆಯಿತು. ಡೆನ್ಮಾರ್ಕಿನ ಫ್ಯಾಬ್ರಿಷಿಯಸ್ 1775ರಲ್ಲಿ ಲೆಪ್ಟೊಸೆಂಟ್ರಸ್ ಟಾರಸ್ ಎಂದು ಈಗ ಕರೆಯುವ ಜಾತಿಯನ್ನೂ 1798ರಲ್ಲಿ ಜಾಲಿಯ ಆಕ್ಸಿರಾಕಿಸ್ ಟರಾಂಡಸ್ ಅನ್ನೂ ವರ್ಣಿಸಿದ. ಬ್ರಿಟಿಷ್ ಇಂಡಿಯಾದ ಪ್ರಾಣಿಸಂಕುಲದ ಗ್ರಂಥಮಾಲೆಗಾಗಿ ಕೀಟತಜ್ಞ ಡಿಸ್ಟಂಟ್ 1908ರಲ್ಲಿ ಈ ಗುಂಪನ್ನು ಒಟ್ಟುಗೂಡಿಸಿದ. ಅಲ್ಲಿ ಹುಳುವಿನ ಆಕಾರವಿದೆ, ಸಿಕ್ಕ ಊರಿದೆ, ಹಿಡಿದವರ ಹೆಸರಿದೆ. ಹುಳು ಯಾವ ಗಿಡದ ಮೇಲೆ ಬದುಕಿತ್ತು ಎಂಬ ಮಾತು ಅಪರೂಪ. ಈ ಕೊರತೆ ಸಣ್ಣದಲ್ಲ. ಗಿಡ ಗೊತ್ತಿಲ್ಲದ ಹುಳುವನ್ನು ಮತ್ತೆ ಹುಡುಕುವುದು ಹೇಗೆ? ಒಂದೆರಡು ಮಾದರಿಗಳಷ್ಟೇ ಸಿಕ್ಕ ಜಾತಿ ನಿಜಕ್ಕೂ ವಿರಳವೋ, ಅದರ ಗಿಡವನ್ನು ಯಾರೂ ತಡಕಲಿಲ್ಲವೋ ಎಂದು ತೀರ್ಮಾನಿಸುವುದೂ ಆಗುವುದಿಲ್ಲ.

ಗಿಡದ ಕಡೆಯಿಂದ ಹುಳುವನ್ನು ನೋಡುವಂತೆ ಮಾಡಿದ್ದು ಬೆಳೆಯ ಕೀಟಗಳ ಅಧ್ಯಯನ ಮತ್ತು ಶ್ರೀಗಂಧದ ರೋಗ. ಹಡಗಲಿ ಸೀಮೆ ಮದರಾಸು ಪ್ರಾಂತ್ಯದಲ್ಲಿದ್ದಾಗ, 1914ರಲ್ಲಿ, ಕೀಟತಜ್ಞ ಫ್ಲೆಚರ್ ದಕ್ಷಿಣ ಭಾರತದ ಕೀಟಗಳ ಬಗ್ಗೆ ಪುಸ್ತಕ ಬರೆದ. ಗಂಧದ ಸ್ಪೈಕ್ ರೋಗ 1899ರಲ್ಲಿ ಕೊಡಗಿನಿಂದ ವರದಿಯಾಗಿತ್ತು. ಅದನ್ನು ಹರಡುವ ಹುಳು ಯಾವುದೆಂದು ತಿಳಿಯಲು 1930ರ ಸುಮಾರಿಗೆ ಫ್ರೇಜರ್‌ಪೇಟೆಯಲ್ಲಿ, ಅಂದರೆ ಇಂದಿನ ಕುಶಾಲನಗರದಲ್ಲಿ, ಗಂಧದ ಮರಗಳ ಮೇಲಿನ ಕೀಟಗಳನ್ನೆಲ್ಲ ಹಿಡಿಯಲಾಯಿತು. ಜಿಗಿಹುಳುಗಳನ್ನು ಗುರುತಿಸಿಕೊಟ್ಟವನು ಅಮೆರಿಕದ ಫಂಕ್‌ಹೌಸರ್. ಈ ಪಟ್ಟಿಗಳು ಅಮೂಲ್ಯ, ಆದರೆ ಎಚ್ಚರದಿಂದ ಓದಬೇಕಾದವು. ಗಂಧ ಬೇರೆ ಗಿಡಗಳ ಬೇರಿಗೆ ಬೇರು ಹೂಡಿ, ಪೊದೆಗಳ ನಡುವೆಯೇ ಬೆಳೆಯುವ ಮರ. ಅದರ ಮೇಲೆ ಸಿಕ್ಕ ಹುಳು ಪಕ್ಕದ ಗಿಡದ್ದೂ ಆಗಿರಬಹುದು.

ಆಶ್ರಯ ಗಿಡಕ್ಕೆ ನಂಬಬಹುದಾದ ಸಾಕ್ಷಿ ಮೊಟ್ಟೆ ಮತ್ತು ಮರಿ. ತಾಯಿ ಎಳೆತೊಗಟೆಯನ್ನು ಸೀಳಿ ಮೊಟ್ಟೆಯಿಡುತ್ತದೆ. ರೆಕ್ಕೆಯಿಲ್ಲದ ಮರಿ ಅಲ್ಲೇ ಬೆಳೆಯುತ್ತದೆ. ಕೆ. ಎಸ್. ಅನಂತಸುಬ್ರಮಣಿಯನ್ ಮತ್ತು ಟಿ. ಎನ್. ಅನಂತಕೃಷ್ಣನ್ 1975ರಲ್ಲಿ ಪ್ರಕಟಿಸಿದ ಅಧ್ಯಯನ ವರ್ಗೀಕರಣದ ಜೊತೆಗೇ ಜೀವನಕ್ರಮವನ್ನೂ ಪರಿಸರವನ್ನೂ ಕೈಗೆತ್ತಿಕೊಂಡಿತು. ಭಾರತದ ಜಿಗಿಹುಳುಗಳ ಚರಿತ್ರೆಯಲ್ಲಿ ದೊಡ್ಡ ತಿರುವು ಇದೇ. 1996ರಲ್ಲಿ ಈ ಹುಳುಗಳ ಕುರಿತ ಅನಂತಸುಬ್ರಮಣಿಯನ್ ಅವರ ಸಂಪುಟವೂ ಬಂತು.

ಕೋಡಿನ ಉದ್ದವೊಂದನ್ನೇ ನೆಚ್ಚಿ ಜಾತಿ ಹೇಳಲಾಗದು. ಒಂದೇ ಜಾತಿಯ ಗಂಡು ಹೆಣ್ಣುಗಳಲ್ಲೂ ಅದು ಬೇರೆಯಾಗಬಹುದು. ಗಂಡಿನ ಜನನಾಂಗವನ್ನು ಸೂಕ್ಷ್ಮದರ್ಶಕದಡಿ ನೋಡಬೇಕು. ಹಡಗಲಿ ಕಡೆ ಹುಳು ಸಂಗ್ರಹಿಸುವವರು ಅದರ ಮರಿಯನ್ನೂ ಗಿಡದ ಒಂದು ರೆಂಬೆಯನ್ನೂ ಜೊತೆಗಿಟ್ಟು, ಊರಿನವರು ಆ ಗಿಡಕ್ಕೆ ಹೇಳುವ ಹೆಸರನ್ನು ಚೀಟಿಯಲ್ಲಿ ಬರೆದಿಡಬೇಕು.