ಅಟೆಂಡ್

ಅಟೆಂಡ್: ಸಭೆ, ಸಮಾರಂಭ, ತರಗತಿ, ವಿಚಾರಣೆ ಮೊದಲಾದವುಗಳಿಗೆ ಹಾಜರಾಗು ಎಂಬ ಅರ್ಥದಲ್ಲಿ ಹೆಚ್ಚಾಗಿ ಬಳಕೆಯಲ್ಲಿರುವ ಇಂಗ್ಲಿಷ್ ಕ್ರಿಯಾಪದ. ಗಮನ ಕೊಡು, ಉಪಚರಿಸು, ಜೊತೆಗಿರು, ಸೇವೆಗೆ ನಿಲ್ಲು ಎಂಬ ಅರ್ಥಗಳೂ ಇದಕ್ಕಿವೆ. ವಯಸ್ಸಿನಲ್ಲಿ ಇವೇ ಹಿರಿಯವು; ಹಾಜರಾತಿಯ ಅರ್ಥ ತಡವಾಗಿ ಬಂದು ಸೇರಿಕೊಂಡಿದ್ದು. ಅಟೆಂಡೆನ್ಸ್, ಅಟೆಂಡೆಂಟ್, ಅಟೆನ್ಷನ್, ಅಟೆಂಡೀ ಇವೆಲ್ಲ ಇದರದೇ ಬಳಗ. ಕನ್ನಡದ ಆಡುಮಾತಿನಲ್ಲಿ 'ಅಟೆಂಡ್ ಮಾಡು', 'ಅಟೆಂಡರ್' ಎಂಬ ರೂಪಗಳು ಗಟ್ಟಿಯಾಗಿ ನೆಲೆಯೂರಿವೆ.

ಹುಟ್ಟು

ಮೂಲ ಲ್ಯಾಟಿನ್ನಿನ 'ಅಟೆಂಡೆರೆ'. ಅದರಲ್ಲಿ 'ಅದ್' ಎಂದರೆ ಕಡೆಗೆ, 'ಟೆಂಡೆರೆ' ಎಂದರೆ ಚಾಚು, ಎಳೆದು ಬಿಗಿಮಾಡು. ಮನಸ್ಸನ್ನು ಒಂದರ ಕಡೆಗೆ ಚಾಚುವುದೇ ಗಮನವಿಡುವುದು. ಟೆಂಟ್, ಟೆನ್ಷನ್, ಎಕ್ಸ್‌ಟೆಂಡ್ ಕೂಡ ಇದೇ ಬೇರಿನವು. ಭಾಷಾಶಾಸ್ತ್ರಜ್ಞರು ಈ ಬೇರನ್ನು ಇಂಡೋ-ಯುರೋಪಿಯನ್ ಭಾಷೆಗಳ 'ತೆನ್' ಎಂಬ ಧಾತುವಿಗೆ ಒಯ್ಯುತ್ತಾರೆ. ಸಂಸ್ಕೃತದ ತಂತು, ತಂತ್ರಗಳೂ ಅಲ್ಲಿಂದಲೇ ಬಂದವು. ಹೀಗಾಗಿ ವೀಣೆಯ ತಂತಿಗೂ ಕಚೇರಿಯ ಅಟೆಂಡೆನ್ಸ್ ಪುಸ್ತಕಕ್ಕೂ ದೂರದ ನೆಂಟಸ್ತಿಕೆಯಿದೆ.

ಪದ ಹಳೆಯ ಫ್ರೆಂಚಿನ ಮೂಲಕ ಸುಮಾರು 1300ರ ಹೊತ್ತಿಗೆ ಇಂಗ್ಲಿಷಿಗೆ ಬಂತು. ಫ್ರೆಂಚಿನಲ್ಲಿ ಅದು 'ಕಾಯು' ಎಂಬ ಅರ್ಥಕ್ಕೆ ತಿರುಗಿತ್ತು, ಈಗಲೂ ಅಲ್ಲಿ ಅದೇ ಅರ್ಥ. ಹಾಜರಿರುವುದಕ್ಕೆ ಫ್ರೆಂಚರು 'ಅಸಿಸ್ಟೇ' ಎನ್ನುತ್ತಾರೆ. ಅದೇ ಪದ ಇಂಗ್ಲಿಷಿನಲ್ಲಿ 'ಅಸಿಸ್ಟ್' ಆಗಿ ನೆರವಾಗು ಎಂಬ ಅರ್ಥ ಪಡೆದಿದೆ. ಎರಡೂ ಭಾಷೆ ಕಲಿಯುವವರು ಇಲ್ಲಿ ಎಡವದೆ ಇರುವುದು ಅಪರೂಪ.

ಶೇಕ್ಸ್‌ಪಿಯರನ ಕಾಲಕ್ಕೆ ಗಮನದ ಅರ್ಥವೇ ಮುಂದಿತ್ತು. 1611ರ ಸುಮಾರಿನ 'ದಿ ಟೆಂಪೆಸ್ಟ್' ನಾಟಕದ ಮೊದಲ ಅಂಕದಲ್ಲಿ ಪ್ರಾಸ್ಪೆರೊ ತನ್ನ ಮಗಳು ಮಿರಾಂಡಾಳಿಗೆ ತಾನು ರಾಜ್ಯ ಕಳೆದುಕೊಂಡ ಕಥೆ ಹೇಳುತ್ತಾನೆ. ನಡುನಡುವೆ ಕಥೆ ನಿಲ್ಲಿಸಿ, ಇದೇ ಕ್ರಿಯಾಪದ ಬಳಸಿ ಪ್ರಶ್ನಿಸುತ್ತಾನೆ. ಮಗಳು ಎದುರಿಗೇ ಇದ್ದಾಳೆ, ಹಾಜರಾತಿ ಕೇಳುವ ಪ್ರಮೇಯವೇ ಇಲ್ಲ. ಕೇಳಿಸಿಕೊಳ್ಳುತ್ತಿದ್ದೀಯಾ ಎಂಬುದು ಅವನ ಪ್ರಶ್ನೆ. ಕೂಟಕ್ಕೋ ಪ್ರಾರ್ಥನೆಗೋ ಹೋಗಿ ಹಾಜರಿರುವ ಅರ್ಥ ಬೇರು ಬಿಟ್ಟಿದ್ದು 17ನೆಯ ಶತಮಾನದಲ್ಲಿ.

ಅರ್ಥ ಬದಲಿಸುವ ಚಿಕ್ಕ ಪದಗಳು

ಇಂದಿನ ಇಂಗ್ಲಿಷಿನಲ್ಲಿ ಅರ್ಥವನ್ನು ಬೇರ್ಪಡಿಸುವುದು ಕ್ರಿಯಾಪದದ ಮುಂದೆ ಬರುವ ಚಿಕ್ಕ ಪದ. ಏನೂ ಬರದಿದ್ದರೆ ಹಾಜರಿ: 'ಅಟೆಂಡ್ ದ ಮೀಟಿಂಗ್'. 'ಟು' ಬಂದರೆ ಗಮನ, ಆರೈಕೆ, ಕೆಲಸ ತೀರಿಸುವುದು: 'ಅಟೆಂಡ್ ಟು ದ ಪೇಷಂಟ್'. 'ಆನ್' ಅಥವಾ 'ಅಪಾನ್' ಬಂದರೆ ಸೇವಕ ಭಾವ: ರಾಣಿಯ ಪಕ್ಕದಲ್ಲಿ ಅಪ್ಪಣೆಗೆ ಕಾದು ನಿಲ್ಲುವವರ ಕೆಲಸ. 'ಅಟೆಂಡ್ ಟು ದ ಮೀಟಿಂಗ್' ಎಂದು ಅರ್ಜಿಗಳಲ್ಲಿ ಬರೆಯುವವರು ನಮ್ಮಲ್ಲಿ ಬಹಳ ಮಂದಿ. 'ಮೀಟಿಂಗಿಗೆ' ಎಂಬ ಚತುರ್ಥಿ ವಿಭಕ್ತಿ ಮನಸ್ಸಿನಲ್ಲಿ ಕೂತಿರುವುದೇ ಇದಕ್ಕೆ ಕಾರಣವಿರಬೇಕು.

ಬರಿಯ ಇರುವಿಕೆಗೂ ಅಟೆಂಡ್‌ಗೂ ಇರುವ ಅಂತರ ಅಪಘಾತದ ಸುದ್ದಿಗಳಲ್ಲಿ ಚೆನ್ನಾಗಿ ತಿಳಿಯುತ್ತದೆ. ರಸ್ತೆಯಲ್ಲಿ ಕಾರು ಮಗುಚಿದಾಗ ಅಲ್ಲೇ ಚಹಾ ಕುಡಿಯುತ್ತಿದ್ದವನು 'ಪ್ರೆಸೆಂಟ್'. ಅವನು ಆ ಅಪಘಾತವನ್ನು ಅಟೆಂಡ್ ಮಾಡಿದ ಎನ್ನಲು ಬರುವುದಿಲ್ಲ. ಬ್ರಿಟನ್ನಿನ ಪತ್ರಿಕೆಗಳಲ್ಲಿ ಪೊಲೀಸರು, ಅಗ್ನಿಶಾಮಕ ದಳದವರು ಸ್ಥಳವನ್ನು 'ಅಟೆಂಡ್' ಮಾಡುತ್ತಾರೆ, ಏಕೆಂದರೆ ಅವರು ಕರೆ ಬಂದು ಕರ್ತವ್ಯದ ಮೇಲೆ ಹೋದವರು. ಕರೆ, ಹೊಣೆ ಅಥವಾ ಮೊದಲೇ ಗೊತ್ತಾದ ಕಾರ್ಯಕ್ರಮ, ಇವುಗಳಲ್ಲಿ ಒಂದಾದರೂ ಇರಬೇಕು.

ವ್ಯಕ್ತಿಪರಿಚಯಗಳಲ್ಲಿ ಈ ಪದಕ್ಕೆ ಒಂದು ಜಾಣತನವಿದೆ. ಇಂಥವರು ಇಂಥ ವಿಶ್ವವಿದ್ಯಾಲಯವನ್ನು 'ಅಟೆಂಡ್' ಮಾಡಿದರು ಎಂದರೆ ಅಲ್ಲಿ ಓದಿದರು ಎಂದಷ್ಟೇ. ಪದವಿ ಪಡೆದರು ಎಂದಲ್ಲ. 1975ರಲ್ಲಿ ಓದು ಅರ್ಧಕ್ಕೆ ಬಿಟ್ಟ ಬಿಲ್ ಗೇಟ್ಸ್ ಅವರ ಹಾರ್ವರ್ಡ್ ದಿನಗಳ ಬಗ್ಗೆ ಬರೆಯುವವರಿಗೆ ಇದು ಅನುಕೂಲದ ಪದ.

ಅಟೆಂಡೆನ್ಸ್

ನಾಮಪದ ಅಟೆಂಡೆನ್ಸ್ ಮೊದಲು ಅರಮನೆಯ ಪರಿವಾರಕ್ಕೆ, ಸೇವೆಗೆ ಸಲ್ಲುತ್ತಿತ್ತು. ದೊಡ್ಡವರ ಕೃಪೆಗಾಗಿ ಬಾಗಿಲಲ್ಲಿ ಕಾದು ಕೈಕಟ್ಟಿ ನಿಲ್ಲುವುದನ್ನು ಇಂಗ್ಲಿಷಿನವರು 'ಡ್ಯಾನ್ಸ್ ಅಟೆಂಡೆನ್ಸ್' ಎಂದು ಹಂಗಿಸುವುದುಂಟು. ಅದು ಲೆಕ್ಕದ ಪದವಾದದ್ದರಲ್ಲಿ ಇಂಗ್ಲೆಂಡಿನ ಶಾಲೆಗಳ ಪಾಲು ದೊಡ್ಡದು. ಸರ್ಕಾರದಲ್ಲಿ ಶಿಕ್ಷಣದ ಹೊಣೆ ಹೊತ್ತಿದ್ದ ರಾಬರ್ಟ್ ಲೋ 1862ರಲ್ಲಿ ತಂದ ಪರಿಷ್ಕೃತ ಸಂಹಿತೆಯ ಪ್ರಕಾರ ಶಾಲೆಗಳಿಗೆ ಸರ್ಕಾರದ ಅನುದಾನ ಸಿಗುತ್ತಿದ್ದುದು ಮಕ್ಕಳ ಹಾಜರಿ ಮತ್ತು ಓದು, ಬರಹ, ಲೆಕ್ಕದ ಪರೀಕ್ಷೆಗಳ ಫಲಿತಾಂಶ ನೋಡಿ. ಮಗು ಬರದಿದ್ದರೆ ಶಾಲೆಯ ಕಾಸಿಗೆ ಕತ್ತರಿ. 1880ರ ಶಿಕ್ಷಣ ಕಾಯ್ದೆ 5ರಿಂದ 10 ವರ್ಷದ ಮಕ್ಕಳ ಹಾಜರಿಯನ್ನು ಕಡ್ಡಾಯ ಮಾಡಿತು. ತಪ್ಪಿಸಿಕೊಂಡ ಮಕ್ಕಳನ್ನು ಹುಡುಕಿ ಮನೆಮನೆ ಸುತ್ತುವ ಹಾಜರಿ ಅಧಿಕಾರಿಗಳೂ ಇದ್ದರು.

ಆಟದ ಮೈದಾನದಲ್ಲಿ ಅಟೆಂಡೆನ್ಸ್ ಎಂದರೆ ನೆರೆದವರ ಸಂಖ್ಯೆ. 1950ರ ವಿಶ್ವಕಪ್ ಫುಟ್‌ಬಾಲಿನ ಕೊನೆಯ ಪಂದ್ಯಕ್ಕೆ ರಿಯೊ ಡಿ ಜನೈರೊದ ಮರಕಾನಾ ಕ್ರೀಡಾಂಗಣದಲ್ಲಿ ಹಣ ಕೊಟ್ಟು ಒಳಹೊಕ್ಕವರು 1,73,850 ಮಂದಿ ಎಂಬ ದಾಖಲೆ ಈ ಬಳಕೆಗೆ ಒಳ್ಳೆಯ ಉದಾಹರಣೆ.

ಬ್ರಿಟನ್ನಿನಲ್ಲಿ 1971ರಲ್ಲಿ ಆರಂಭವಾದ 'ಅಟೆಂಡೆನ್ಸ್ ಅಲೋಯನ್ಸ್' ಎಂಬ ಭತ್ಯೆ ಮಾತ್ರ ಹೊರಗಿನವರನ್ನು ದಾರಿ ತಪ್ಪಿಸುತ್ತದೆ. ಹಾಜರಾದವರಿಗೆ ಕೊಡುವ ಹಣ ಇದಲ್ಲ. ಏಳಲು, ಉಣ್ಣಲು, ಸ್ನಾನಕ್ಕೆ ಇನ್ನೊಬ್ಬರ ಆಸರೆ ಬೇಕಾದ ವೃದ್ಧರಿಗೆ ಸಲ್ಲುವ ನೆರವು. ಬಳಿಯಿದ್ದು ನೋಡಿಕೊಳ್ಳುವ ಹಳೆಯ ಅರ್ಥ ಸರ್ಕಾರಿ ಕಾಗದದಲ್ಲಿ ಇನ್ನೂ ಜೀವಂತವಾಗಿದೆ.

ಭಾರತದ ಕಾನೂನಿನಲ್ಲಿ ಪದ ಕರೆಗೆ ಓಗೊಡುವ ಅರ್ಥದಲ್ಲಿದೆ. 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 16ನೆಯ ಆದೇಶ ಸಾಕ್ಷಿಗಳಿಗೆ ಸಮನ್ಸು ಮತ್ತು ಅವರ ಅಟೆಂಡೆನ್ಸ್ ಕುರಿತದ್ದು. ಕನ್ನಡದಲ್ಲಿ ಇದಕ್ಕೆ ಹಾಜರಾತಿ ಎನ್ನುತ್ತೇವೆ. ಅರಬ್ಬಿಯಿಂದ ಪಾರ್ಸಿಯ ಮೂಲಕ ಆಡಳಿತದ ಮಾತಾಗಿ ಬಂದ ಹಾಜರು, ಹಾಜರಿ, ಗೈರುಹಾಜರಿ ನಮ್ಮಲ್ಲಿ ಎಷ್ಟು ಹಳತಾಗಿವೆಯೆಂದರೆ ಅವು ಪರಭಾಷೆಯವು ಎಂದು ಯಾರಿಗೂ ಅನ್ನಿಸುವುದಿಲ್ಲ. ಉಪಸ್ಥಿತಿ ಆಹ್ವಾನಪತ್ರಿಕೆಗೆ ಮೀಸಲು.

ಕರ್ನಾಟಕದ ಬಳಕೆ

ಹಾಜರಿ ಎಂಬ ಪದ ಇದ್ದೂ ಕಾಲೇಜಿನ ಹುಡುಗರಿಗೆ ಇರುವುದು 'ಅಟೆಂಡೆನ್ಸ್ ಶಾರ್ಟೇಜ್'. ಶೇಕಡಾ 75ಕ್ಕಿಂತ ಕೆಳಗೆ ಇಳಿದವರು ಹಾಲ್ ಟಿಕೆಟ್ ಹೊತ್ತಿಗೆ ಪ್ರಿನ್ಸಿಪಾಲರ ಕೋಣೆಯ ಮುಂದೆ ಸಾಲುಗಟ್ಟುತ್ತಾರೆ. ಗೆಳೆಯನ ಹೆಸರು ಕೂಗಿದಾಗ ತಲೆ ತಗ್ಗಿಸಿ 'ಎಸ್ ಸಾರ್' ಎನ್ನುವುದು 'ಪ್ರಾಕ್ಸಿ'.

'ಅಟೆಂಡ್ ಮಾಡು' ಎಂಬ ಜೋಡಿಪದ ಇಂಗ್ಲಿಷಿಗಿಂತ ಧಾರಾಳಿ. ಮದುವೆ ಅಟೆಂಡ್ ಮಾಡಿ ಬರುತ್ತೇವೆ, ಫೋನ್ ಅಟೆಂಡ್ ಮಾಡುತ್ತೇವೆ, ಲೈನ್‌ಮನ್ ಕಂಪ್ಲೇಂಟ್ ಅಟೆಂಡ್ ಮಾಡುತ್ತಾನೆ. ಫೋನಿನ ವಿಷಯದಲ್ಲಿ ಲಂಡನ್ನಿನವರು 'ಆನ್ಸರ್' ಎಂದಾರು. ಪರೀಕ್ಷೆ ಮುಗಿಸಿ ಬಂದವರು 'ಎಲ್ಲಾ ಕ್ವೆಶ್ಚನ್ ಅಟೆಂಡ್ ಮಾಡ್ದೆ' ಎನ್ನುವುದು ಮಾತ್ರ ತಪ್ಪು ಬಳಕೆ. ಅಲ್ಲಿ ಬೇಕಾದ್ದು 'ಅಟೆಂಪ್ಟ್'. ಸದ್ದು ಹತ್ತಿರವಾದ್ದರಿಂದ ಎರಡೂ ಬೆರೆತುಹೋಗಿವೆ.

ಅಟೆಂಡರ್ ದಕ್ಷಿಣ ಭಾರತದ ಕಚೇರಿಗಳ ಪದ. ಜವಾನ, ದಲಾಯತ್ ಎಂಬ ಹೆಸರುಗಳ ಪಕ್ಕದಲ್ಲಿ ಇದೂ ನಿಂತಿತು. ಫೈಲು ಮೇಜಿನಿಂದ ಮೇಜಿಗೆ ಹೋಗಬೇಕಾದರೆ ಅಟೆಂಡರ್ ಇರಬೇಕು. ಆಸ್ಪತ್ರೆಯಲ್ಲಿ ಇದೇ ಪದಕ್ಕೆ ಇನ್ನೊಂದು ಅರ್ಥ: ರೋಗಿಯ ಕಡೆಯವರು. ರಾತ್ರಿ ವಾರ್ಡಿನ ಬಾಗಿಲಲ್ಲಿ ನರ್ಸ್ 'ಎಂಟನೇ ಬೆಡ್ ಅಟೆಂಡರ್ ಯಾರ್ರೀ? ಒಬ್ರೇ ಇರ್ಬೇಕು, ಉಳಿದೋರು ಹೊರಗೆ' ಎಂದರೆ, ಚಾಪೆ ಸುತ್ತಿಕೊಂಡು ಎದ್ದು ಬರುವುದು ರೋಗಿಯ ತಂಗಿಯೋ ಮಗನೋ. ಇಂಗ್ಲಿಷಿನ ಹಳೆಯ ಅರ್ಥಗಳಾದ ಕಾಯುವುದು, ಆರೈಕೆ ಮಾಡುವುದು ಎರಡೂ ಈ ಒಬ್ಬ ವ್ಯಕ್ತಿಯಲ್ಲಿ ಕೂಡಿವೆ. ಅಮೆರಿಕದ ಆಸ್ಪತ್ರೆಯಲ್ಲಿ 'ಅಟೆಂಡಿಂಗ್' ಎಂದರೆ ರೋಗಿಯ ಪೂರ್ಣ ಹೊಣೆ ಹೊತ್ತ ಹಿರಿಯ ವೈದ್ಯರು ಎಂಬುದನ್ನು ನೆನಪಿಟ್ಟುಕೊಳ್ಳಬೇಕು.

ಸಮ್ಮೇಳನಗಳಿಗೆ ಬಂದವರನ್ನು 'ಅಟೆಂಡೀ' ಎನ್ನುವುದು 20ನೆಯ ಶತಮಾನದ ರೂಢಿ. ಎಂಪ್ಲಾಯೀ, ಪೇಯೀ ಮುಂತಾದವುಗಳಲ್ಲಿ ಈ 'ಈ' ಪ್ರತ್ಯಯ ಕ್ರಿಯೆಗೆ ಒಳಗಾದವರನ್ನು ಸೂಚಿಸುತ್ತದೆ, ಅಟೆಂಡೀ ತಾನೇ ಬಂದವನು. ಈ ಕಾರಣಕ್ಕೆ ಕೆಲವು ವೈಯಾಕರಣರಿಗೆ ಇದು ಹಿಡಿಸಲಿಲ್ಲ. ಪದ ಮಾತ್ರ ಉಳಿದುಕೊಂಡಿತು.

ಬ್ರಿಟನ್ನಿನಲ್ಲಿ ಅಟೆಂಡರ್ ಎಂದರೆ ಚರ್ಚಿಗೋ ಸಭೆಗೋ ತಪ್ಪದೆ ಹೋಗುವವನು. ಕ್ವೇಕರ್ ಪಂಥದಲ್ಲಿ, ಸದಸ್ಯನಾಗದೆ ಪ್ರಾರ್ಥನೆಗೆ ಬರುತ್ತಿರುವವನಿಗೆ ಇದೇ ಹೆಸರು. ಆದ್ದರಿಂದ ಕಚೇರಿಯ ಅಟೆಂಡರ್ ಕೆಲಸವನ್ನು ಹೊರದೇಶದ ಅರ್ಜಿಯಲ್ಲಿ ನಮೂದಿಸುವವರು 'ಆಫೀಸ್ ಅಸಿಸ್ಟೆಂಟ್' ಎಂದು ಬರೆಯುವುದು ಲೇಸು.