ಸಮೀಕ್ಷೆಯಿಂದ ವಿಶ್ವಪತ್ರದವರೆಗೆ: ಗುರು ಲೆಬ್ರೆಯವರ ಸಂಶೋಧನೆ ಮತ್ತು ಅಭಿವೃದ್ಧಿ ನೀತಿ

1967ರ ಮಾರ್ಚ್ 26ರಂದು, ಪಾಸ್ಖ ಭಾನುವಾರ, ಜಗದ್ಗುರು ಆರನೇ ಪೌಲರು ‘ಪೊಪುಲೋರುಂ ಪ್ರೊಗ್ರೆಸ್ಸಿಯೊ’ ಎಂಬ ವಿಶ್ವಪತ್ರವನ್ನು ಹೊರಡಿಸಿದರು. ಅಭಿವೃದ್ಧಿಯು ಆರ್ಥಿಕ ಬೆಳವಣಿಗೆಯಲ್ಲಿಯೇ ಮುಗಿಯಲಾರದು, ಅದು ಪ್ರತಿಯೊಬ್ಬ ಮನುಷ್ಯನ ಹಾಗೂ ಸಮಗ್ರ ಮನುಷ್ಯನ ಏಳಿಗೆಯಾಗಬೇಕು ಎಂಬ ಅದರ 14ನೆಯ ಪರಿಚ್ಛೇದವನ್ನು ನಾವು ಗುರುಮಠದ ತರಗತಿಗಳಲ್ಲಿ ಬೋಧಿಸುತ್ತ ಬಂದಿದ್ದೇವೆ. ಆದರೆ ಅದರ ಅಡಿಟಿಪ್ಪಣಿಯನ್ನು ಗಮನಿಸುವವರು ವಿರಳ. ಅಲ್ಲಿರುವುದು ದೊಮಿನಿಕನ್ ಗುರು ಲೂಯಿ-ಜೋಸೆಫ್ ಲೆಬ್ರೆ ಅವರ ಹೆಸರು. ವಿಶ್ವಪತ್ರವು ಹೊರಬರುವ ಎಂಟು ತಿಂಗಳು ಮೊದಲೇ, 1966ರ ಜುಲೈಯಲ್ಲಿ, ಅವರು ನಿಧನರಾಗಿದ್ದರು. ಒಬ್ಬ ಗುರುವಿನ ಕ್ಷೇತ್ರಸಂಶೋಧನೆಯು ಸರ್ಕಾರಗಳ ನೀತಿಯನ್ನೂ ಧರ್ಮಸಭೆಯ ಬೋಧನೆಯನ್ನೂ ಹೇಗೆ ತಲುಪಿತು, ಎಲ್ಲಿ ನಿಂತುಹೋಯಿತು ಎಂಬುದನ್ನು ಇಲ್ಲಿ ಪರಿಶೀಲಿಸೋಣ.

ಲೆಬ್ರೆಯವರು 1897ರಲ್ಲಿ ಫ್ರಾನ್ಸಿನ ಬ್ರಿಟನಿ ಪ್ರಾಂತದಲ್ಲಿ ಜನಿಸಿದರು. ನೌಕಾಪಡೆಯ ಅಧಿಕಾರಿಯಾಗಿದ್ದ ಅವರು 1923ರಲ್ಲಿ ದೊಮಿನಿಕನ್ ಸಭೆಯನ್ನು ಸೇರಿದರು. 1929ರಲ್ಲಿ ಸೇಂಟ್ ಮಾಲೊ ಬಂದರಿಗೆ ಬಂದಾಗ ಅಲ್ಲಿಯ ಮೀನುಗಾರ ಕುಟುಂಬಗಳ ದುಃಸ್ಥಿತಿ ಅವರನ್ನು ಕಲಕಿತು. ಉಪದೇಶ, ದಾನಗಳಿಂದ ಅದು ನೀಗದೆಂದು ಕಂಡು ಅವರು ಬಂದರಿನಿಂದ ಬಂದರಿಗೆ ಹೋಗಿ ದೋಣಿ, ಕೂಲಿ, ಮೀನಿನ ಬೆಲೆ, ಮಾರುಕಟ್ಟೆಗಳ ವಿವರಗಳನ್ನು ಕಲೆಹಾಕಿದರು. ಬಡತನದ ಕಾರಣವು ಮೀನುಗಾರನ ಶೀಲದಲ್ಲಿರದೆ ವ್ಯಾಪಾರದ ವ್ಯವಸ್ಥೆಯಲ್ಲಿದೆ ಎಂಬ ನಿರ್ಣಯಕ್ಕೆ ಅವರು ಬಂದರು. 1941ರಲ್ಲಿ ‘ಅರ್ಥಶಾಸ್ತ್ರ ಮತ್ತು ಮಾನವತೆ’ ಎಂಬ ಅರ್ಥದ ಹೆಸರುಳ್ಳ ಸಂಶೋಧನಾ ಸಂಸ್ಥೆಯನ್ನು ಸ್ಥಾಪಿಸಿದರು. ಮೀನುಗಾರಿಕೆಯ ಸಂಘಟನೆಯ ಬಗೆಗಿನ ಅವರ ವಿಚಾರಗಳಿಗೆ ರಾಜ್ಯದ ಮನ್ನಣೆ ದೊರೆತದ್ದೂ ಆ ಕಾಲದಲ್ಲಿಯೇ. ಆದರೆ ಆ ರಾಜ್ಯವು ನಾಜಿಗಳಿಗೆ ಮಣಿದಿದ್ದ ವಿಶಿ ಸರ್ಕಾರವಾಗಿತ್ತು. ನಮ್ಮ ಸಂಶೋಧನೆಗೆ ಯಾವ ಅಧಿಕಾರವು ಕಿವಿಗೊಡುತ್ತಿದೆ ಎಂಬ ಪ್ರಶ್ನೆಯು ಇಲ್ಲಿಂದಲೇ ಏಳುತ್ತದೆ.

ಎರಡನೆಯ ಮಹಾಯುದ್ಧದ ನಂತರ ಅವರು ಬ್ರೆಜಿಲ್, ಕೊಲಂಬಿಯ, ಸೆನೆಗಲ್ ದೇಶಗಳಲ್ಲಿ ದುಡಿದರು. 1958ರಲ್ಲಿ ಪ್ಯಾರಿಸ್ಸಿನಲ್ಲಿ ‘ಇರ್ಫೆಡ್’ ಎಂಬ ತರಬೇತಿ ಹಾಗೂ ಸಂಶೋಧನಾ ಸಂಸ್ಥೆಯನ್ನು ಆರಂಭಿಸಿದರು. ಅದೇ ವರ್ಷ ಲೆಬನಾನಿನಲ್ಲಿ ಅಂತಃಕಲಹವು ನಡೆದು, ಜನರಲ್ ಫುವಾದ್ ಶೆಹಾಬ್ ಅಧ್ಯಕ್ಷರಾದರು. ಅವರ ಆಹ್ವಾನದ ಮೇರೆಗೆ ಇರ್ಫೆಡ್ ತಂಡವು ಗ್ರಾಮಗಳ ಸಮೀಕ್ಷೆಯನ್ನು ನಡೆಸಿತು. ನೀರು, ವಸತಿ, ಆರೋಗ್ಯ, ಶಾಲೆ, ರಸ್ತೆ ಮುಂತಾದ ಪ್ರತಿಯೊಂದಕ್ಕೂ ಸೊನ್ನೆಯಿಂದ ನಾಲ್ಕರವರೆಗೆ ಅಂಕವಿಟ್ಟು, ಅವುಗಳನ್ನು ಒಂದು ವೃತ್ತದ ಅರಗಳ ಮೇಲೆ ಗುರುತಿಸುವುದು ಲೆಬ್ರೆಯವರ ಪದ್ಧತಿ. ಊರಿನ ಕೊರತೆ ಎಲ್ಲಿದೆಯೆಂಬುದು ಆ ಚಿತ್ರವನ್ನು ನೋಡಿದ ಮಾತ್ರಕ್ಕೆ ಯಾರಿಗಾದರೂ ತಿಳಿಯುತ್ತಿತ್ತು. ಸಮೃದ್ಧ ಬೈರೂತಿನ ಬೆನ್ನಿಗೇ ನಿರ್ಲಕ್ಷಿತವಾದ ಗಡಿನಾಡುಗಳಿದ್ದವು; ಜನಸಂಖ್ಯೆಯ ಶೇಕಡಾ 4ರಷ್ಟು ಮಂದಿಯ ಕೈಯಲ್ಲಿ ಆದಾಯದ ಸುಮಾರು ಮೂರನೆಯ ಒಂದು ಭಾಗವಿತ್ತು. ಶೆಹಾಬರ ಆಡಳಿತವು ದೂರದ ಹಳ್ಳಿಗಳಿಗೆ ರಸ್ತೆ, ನೀರು, ವಿದ್ಯುತ್ತನ್ನು ಒಯ್ದಿತು. ಸಾಮಾಜಿಕ ಭದ್ರತೆಯ ನಿಧಿಯನ್ನು ಸ್ಥಾಪಿಸಿತು.

ಆದರೆ ಈ ಯಶಸ್ಸು ಅರ್ಧದಾರಿಯದಾಗಿತ್ತು. 1964ರಲ್ಲಿ ಶೆಹಾಬರ ಅವಧಿಯು ಮುಗಿಯಿತು. ಇರ್ಫೆಡ್‌ನ ಕಾರ್ಯವೂ ಅದೇ ವರ್ಷ ನಿಂತಿತು. ಪಂಗಡಗಳ ಮುಖಂಡರ ಹಿಡಿತವನ್ನು ಸಡಿಲಿಸುವ ಶಕ್ತಿ ಅಂಕಿಗಳಿಗಿರಲಿಲ್ಲ. ಸೆನೆಗಲ್‌ನಲ್ಲಿಯೂ ಇದೇ ಅನುಭವ. ಲೆಬ್ರೆಯವರ ನೆರವಿನಿಂದ ಮೊದಲ ರಾಷ್ಟ್ರೀಯ ಯೋಜನೆಯನ್ನು ರೂಪಿಸಿದ ಪ್ರಧಾನಿ ಮಮದೂ ದಿಯ ಅವರು 1962ರ ಡಿಸೆಂಬರಿನಲ್ಲಿ ಬಂಧಿತರಾದರು. ಒಬ್ಬ ಆಳುವವನ ವಿಶ್ವಾಸವನ್ನೇ ಆಧರಿಸಿದ ಸಂಶೋಧನೆಯು ಅವನೊಂದಿಗೇ ಪದಚ್ಯುತವಾಗುವುದನ್ನು ನಾವು ಇಲ್ಲಿ ಕಾಣುತ್ತೇವೆ.

ಸರ್ಕಾರಗಳಲ್ಲಿ ತಡೆಗೊಂಡ ಈ ಸಂಶೋಧನೆಗೆ ಧರ್ಮಸಭೆಯಲ್ಲಿ ಬೇರೊಂದು ದಾರಿ ತೆರೆಯಿತು. ಲೆಬ್ರೆಯವರು ದ್ವಿತೀಯ ವ್ಯಾಟಿಕನ್ ಮಹಾಸಭೆಯ ತಜ್ಞರಾದರು. 1964ರಲ್ಲಿ ಜಿನೀವಾದಲ್ಲಿ ನಡೆದ ವಿಶ್ವಸಂಸ್ಥೆಯ ವ್ಯಾಪಾರ ಮತ್ತು ಅಭಿವೃದ್ಧಿ ಸಮ್ಮೇಳನದಲ್ಲಿ ವ್ಯಾಟಿಕನ್ನಿನ ಪರವಾಗಿ ಭಾಗವಹಿಸಿದರು. ಆ ವರ್ಷದ ಡಿಸೆಂಬರಿನಲ್ಲಿ ಆರನೇ ಪೌಲರು ಮುಂಬಯಿಗೆ ಬಂದು, ಶಸ್ತ್ರಾಸ್ತ್ರಗಳ ವೆಚ್ಚದ ಒಂದು ಭಾಗವನ್ನು ಬಡಜನಾಂಗಗಳ ನಿಧಿಗೆ ಮೀಸಲಿಡುವಂತೆ ರಾಷ್ಟ್ರಗಳಿಗೆ ಮೊರೆಯಿಟ್ಟರು. ವಿಶ್ವಪತ್ರದಲ್ಲಿ ಮುಂಬಯಿಯ ಆ ಮೊರೆಯೂ ಇದೆ, ಲೆಬ್ರೆಯವರ ಸಮೀಕ್ಷೆಗಳ ಅರಿವೂ ಇದೆ. ಯೋಜನೆಗಳ ಅವಧಿ ಎಂದೋ ಮುಗಿದಿದೆ. ಅಭಿವೃದ್ಧಿಯನ್ನು ಅಳೆಯಬೇಕಾದ ಮಾನದಂಡವು ಮಾತ್ರ ಧರ್ಮಸಭೆಯ ಬೋಧನೆಯಲ್ಲಿ ನೆಲೆನಿಂತಿತು.

ಪವಿತ್ರ ಗ್ರಂಥದಲ್ಲಿ ಎರಡು ಬಗೆಯ ಸಮೀಕ್ಷೆಗಳಿವೆ. ದಾವೀದನು ತನ್ನ ಸೈನ್ಯಬಲವನ್ನು ಅರಿಯಲು ಜನಗಣತಿ ಮಾಡಿಸಿ ಪಶ್ಚಾತ್ತಾಪಪಟ್ಟನು. ನೆಹೆಮೀಯನಾದರೋ ರಾತ್ರಿಯಲ್ಲಿ ಹೊರಟು ಜೆರುಸಲೇಮಿನ ಕೆಡವಲ್ಪಟ್ಟ ಗೋಡೆಗಳನ್ನು ಕಣ್ಣಾರೆ ಕಂಡ ಬಳಿಕವೇ ಜನರನ್ನು ಕಟ್ಟಲು ಕರೆದನು. ಕಟ್ಟುವಾಗ ಅವರ ನಡುವೆಯೇ ಇದ್ದನು. ನಮ್ಮ ಧರ್ಮಕೇಂದ್ರಗಳಲ್ಲಿಯೂ ಕುಟುಂಬ ಸಮೀಕ್ಷೆಗಳು ನಡೆಯುತ್ತವೆ. ಗುರುಮಠದ ವಿದ್ಯಾರ್ಥಿಗಳು ರಜೆಯಲ್ಲಿ ಮನೆಮನೆಗೆ ಹೋಗಿ ನಮೂನೆಗಳನ್ನು ತುಂಬಿ ತರುತ್ತಾರೆ. ಆ ಕಾಗದಗಳು ಕಪಾಟು ಸೇರಿದ ಮೇಲೆ ಉತ್ತರ ಕೊಟ್ಟ ಮನೆಯವರಿಗೆ ನಾವು ಏನನ್ನಾದರೂ ಹಿಂದಿರುಗಿ ತಿಳಿಸಿದ್ದೇವೆಯೆ? ಕಂಡುಕೊಂಡದ್ದನ್ನು ಮೊದಲು ಆ ಊರಿನ ಸಭೆಯಲ್ಲಿಯೇ ಓದಿ ಹೇಳಿ, ಅನಂತರ ಅವರೊಡನೆಯೇ ಪಂಚಾಯಿತಿಯ ಬಾಗಿಲಿಗೆ ಹೋಗುವುದು ನಮ್ಮ ಪಾಲನಾಸೇವೆಯ ಕ್ರಮವಾಗಲಿ. ಅಧ್ಯಕ್ಷರು ಬದಲಾದರೂ, ಗುರುವಿಗೆ ವರ್ಗವಾದರೂ, ತಮ್ಮ ಊರಿನ ಕೊರತೆಯನ್ನು ತಾವೇ ಅರಿತ ಜನರು ಅಲ್ಲಿಯೇ ಇರುತ್ತಾರೆ.